ಕಮರುನ್ನೀಸಾ ಆಪಾ ಕಟ್ಟಿದ ಮೂರೇ ಮೂರು ನೊಣ

ಆರು ವರ್ಷ ನಾನು ಒಂದು ಪರದೆಯ ಜೊತೆ ಜಗಳವಾಡಿದ್ದೇನೆ. ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿ, ಮೂರನೇ ಮನೆ, ಹಸಿರು ಗೀಟಿನ ಪರದೆ. ಅದರ ಹಿಂದೆ ಕಮರುನ್ನೀಸಾ ಆಪಾ ಕೂತಿರುತ್ತಿದ್ದರು. ಅವರ ಮುಖವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಪರದೆಯ ಕೆಳಗಿನಿಂದ ತಟ್ಟೆ ಈಚೆ ಬರುವಾಗ ಮಣಿಕಟ್ಟಿನವರೆಗೆ ಕೈಯೂ ಬರುತ್ತಿತ್ತು, ಅಷ್ಟೇ. ಆದರೆ ಒಬ್ಬರಿಗೆ ಎಷ್ಟು ಹಟವಿದೆ ಎಂದು ತಿಳಿಯಲು ಮುಖ ನೋಡಬೇಕಾಗಿಲ್ಲ.

ನಾನು ಹಲಸೂರಿನ ಶ್ರೀರಾಮಪ್ಪ. ದಂಡಿನ ಒಂದು ಅಂಗಡಿಯಲ್ಲಿ ಗುಮಾಸ್ತ. ಬಂದೂಕು, ಕುದುರೆಯ ಜೀನು, ಗಾಳದ ಕೋಲು, ಹೀಗೆ ಸಾಹೇಬರ ಬಿಡುವಿನ ಹೊತ್ತಿಗೆ ಏನೇನು ಬೇಕೋ ಅದೆಲ್ಲ ಅಲ್ಲಿ ಸಿಗುತ್ತಿತ್ತು. ಧಣಿ ಪೆರೇರಾ ದೊರೆ. ದೊರೆ ಎಂದು ನಾವು ಕರೆಯುತ್ತಿದ್ದೆವು, ಅವರು ಹುಟ್ಟಿದ್ದು ಬೆಳೆದದ್ದು ಎರಡೂ ಕೋಲ್ಸ್ ಪಾರ್ಕಿನ ಹತ್ತಿರವೇ.

ನೀಲಗಿರಿಯ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನಿದೆ. ಸಾಹೇಬರೇ ಹಿಂದೆ ಯಾವಾಗಲೋ ಸೀಮೆಯಿಂದ ತಂದು ಬಿಟ್ಟದ್ದು. ನಮ್ಮ ಹಲಸೂರು ಕೆರೆಯ ಮೀನಿಗೆ ಒಂದು ಎರೆಹುಳು ಸಾಕು. ಈ ಮೀನನ್ನು ಎರೆಹುಳು ಹಾಕಿ ಹಿಡಿದರೆ ಸಾಹೇಬರಿಗೆ ಅವಮಾನವಂತೆ. ಕೊಕ್ಕೆಗೆ ಕೋಳಿಗರಿ ಸುತ್ತಿ, ನೊಣದಂತೆ ಮಾಡಿ, ಮುಳುಗದ ಹಾಗೆ ನೀರಿನ ಮೇಲೆ ತೇಲಿಬಿಟ್ಟು, ಮೀನಿಗೆ ಮೋಸ ಮಾಡಿ ಹಿಡಿದರೆ ಮಾತ್ರ ಮರ್ಯಾದೆ. ಈ ನೊಣಗಳಿಗೆ ಒಂದೊಂದಕ್ಕೂ ಒಂದೊಂದು ದೊಡ್ಡ ಹೆಸರು. ನಮ್ಮ ಅಂಗಡಿಯ ಬಣ್ಣದ ಪುಸ್ತಕದಲ್ಲಿ ಅರವತ್ತನಾಲ್ಕು ಬಗೆಯ ನೊಣಗಳ ಚಿತ್ರವಿತ್ತು. ಅವನ್ನು ನೋಡಿ ನೋಡಿ ನನಗೆ ನಿಜವಾದ ನೊಣವನ್ನು ಕಂಡರೂ ಹೆಸರು ಹಿಡಿದು ಕರೆಯಬೇಕು ಅನ್ನಿಸುವಂತಾಗಿತ್ತು.

ಯುದ್ಧ ಬಂತು, ಹಡಗು ನಿಂತಿತು, ಸೀಮೆಯ ನೊಣ ಬರುವುದೂ ನಿಂತಿತು. ನಲವತ್ತೊಂದನೇ ಇಸವಿಯಲ್ಲಿ ಧಣಿ ನನ್ನನ್ನು ರಸೆಲ್ ಮಾರುಕಟ್ಟೆಗೆ ಅಟ್ಟಿದರು. ಕೋಳಿ ಸಾಲಿನಲ್ಲಿ ಗರಿ ಸಿಗುತ್ತದೆಯೇ, ಕಟ್ಟುವವರು ಸಿಗುತ್ತಾರೆಯೇ ನೋಡಿಕೊಂಡು ಬಾ ಎಂದರು. ಅಲ್ಲಿ ಲತೀಫ್ ಎಂಬ ಕೋಳಿ ವ್ಯಾಪಾರಿ ನನ್ನ ಕೈಯಲ್ಲಿದ್ದ ಮಾದರಿಯನ್ನು ತಿರುಗಿಸಿ ನೋಡಿ ನಕ್ಕ.

"ಇದಾ? ನಮ್ಮ ಮಾವ ಜರಿ ಕೆಲ್ಸದವ್ರು. ಪಲ್ಟನ್ ಸಾಹೇಬ್ರ ತೋಳಿನ ಪಟ್ಟಿಗೆ ಜರಿ ಹಾಕ್ತಿದ್ರು. ಮಗಳಿಗೂ ಕಲಿಸಿದಾರೆ. ನನ್ನ ಹೆಂಡ್ತಿ ಕೈಗೆ ಕೊಟ್ರೆ ಸೊಳ್ಳೆಗೂ ಸೀರೆ ಉಡಿಸ್ತಾಳೆ, ನೋಡು."

ಹಾಗೆ ನಾನು ಆ ಪರದೆಯ ಮುಂದೆ ಹೋಗಿ ಕೂತದ್ದು. ಅಂಗಡಿಯ ಒಂದು ಪುಟ್ಟ ಇಕ್ಕಳ, ಕೊಕ್ಕೆ, ರೇಷ್ಮೆ ದಾರ, ಜೊತೆಗೆ ಉಳಿದಿದ್ದ ಹನ್ನೆರಡು ಅಪ್ಪಟ ಸೀಮೆ ನೊಣಗಳನ್ನು ಮಾದರಿಗೆಂದು ಕೊಟ್ಟು ಬಂದೆ. ಒಂದು ವಾರ ಬಿಟ್ಟು ಹೋದರೆ ತಟ್ಟೆಯಲ್ಲಿ ಹನ್ನೆರಡು ಬೋಳು ಕೊಕ್ಕೆ ಹೊರಗೆ ಬಂದವು. ಪಕ್ಕದಲ್ಲಿ ದಾರ, ಗರಿ, ಪುಡಿ ಪುಡಿ.

"ಆಪಾ, ಇದೇನ್ ಮಾಡ್ಬಿಟ್ರಿ! ಸೀಮೆ ಮಾಲು ಕಣ್ರೀ ಅದು!"

"ಬಿಚ್ಚದೆ ಹ್ಯಾಂಗೆ ಗೊತ್ತಾಗೋದು ಜೀ, ಎಷ್ಟು ಸುತ್ತು ಅಂತ?" ಪರದೆ ಹೇಳಿತು. "ಐದು ಸುತ್ತು ಗರಿ. ಒಂದರಲ್ಲಿ ನಾಲ್ಕೇ ಇತ್ತು. ಕಟ್ಟಿದೋನು ಕಳ್ಳ."

ಮತ್ತೊಂದು ತಟ್ಟೆ ಬಂತು. ಅದರಲ್ಲಿ ಹನ್ನೆರಡು ನೊಣ. ಇವು ಸೀಮೆಯವಲ್ಲ, ಕೋಳಿ ಸಾಲಿನವು ಎಂದು ನನ್ನ ಕಣ್ಣಿಗೂ ತಿಳಿಯಲಿಲ್ಲ, ಧಣಿಯ ಭೂತಕನ್ನಡಿಗೂ ತಿಳಿಯಲಿಲ್ಲ. ಧಣಿಗೆ ಎಷ್ಟು ಖುಷಿಯಾಯಿತೆಂದರೆ, ನೊಣದ ಹೆಸರು ಅಚ್ಚಾದ ಹಳೆಯ ಸೀಮೆ ರಟ್ಟುಗಳ ಮೇಲೆ ಅವನ್ನೆಲ್ಲ ಅಂಟಿಸಿ ಸೀಮೆ ಮಾಲೆಂದೇ ಮಾರು ಎಂದುಬಿಟ್ಟರು. ಅಂಟಿಸಿದವನು ನಾನೇ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಿ, ಮುಂದೆ ನಾನೇ ಅದರಲ್ಲಿ ಸಿಕ್ಕಿಬೀಳುತ್ತೇನೆ.

ನೊಣ ತೇಲಬೇಕಾದರೆ ಗರಿ ಬಿರುಸಾಗಿರಬೇಕು. ಎಳೆ ಕೋಳಿಯ ಗರಿ ನೀರು ಕುಡಿದು ಮಲಗಿಬಿಡುತ್ತದೆ. ಹಾಗಾಗಿ ಆಪಾಗೆ ಮುದಿ ಹುಂಜದ ಕತ್ತಿನ ಗರಿಯೇ ಆಗಬೇಕು. ಗಿರಾಕಿಗಳೆಲ್ಲ ಎಳೆಯದು ಕೊಡು ಎಂದರೆ ಹೆಂಡತಿ ಮುದಿಯದು ತಾ ಎನ್ನುತ್ತಾಳೆ ಎಂದು ಲತೀಫ್ ನನ್ನ ಹತ್ತಿರ ಗೋಳಾಡುತ್ತಿದ್ದ. ಹೊರಮಾವಿನ ಕಡೆಯಿಂದ ಬರುವ ಬೂದು ಬಣ್ಣದ ಹುಂಜಗಳನ್ನು ಅವನು ಮಾರುವಂತೆಯೇ ಇರಲಿಲ್ಲ. ಅವು ಅವನ ಅಂಗಡಿಯಲ್ಲಿ ತಿಂದುಂಡು ಮುದಿಯಾಗುತ್ತಾ ಗಿರಾಕಿಗಳನ್ನು ಕುಕ್ಕುತ್ತಿದ್ದವು. ನನ್ನನ್ನೂ ಎರಡು ಸಲ ಕುಕ್ಕಿವೆ.

ಕಟ್ಟಿದ ಪ್ರತಿ ನೊಣಕ್ಕೂ ಪರೀಕ್ಷೆಯಿತ್ತು. ಕಲಾಯಿ ಬೋಗುಣಿಯ ತುಂಬ ನೀರು ಇಟ್ಟು, ಕೈ ಎತ್ತಿ ಮೇಲಿನಿಂದ ಬಿಡುವುದು. ಗರಿಯ ತುದಿಯ ಮೇಲೆ ನೆಟ್ಟಗೆ ನಿಲ್ಲಬೇಕು. ನೂರು ಎಣಿಸುವವರೆಗೆ ಬಾಲ ಮುಳುಗಬಾರದು. ಮುಳುಗಿದರೆ ಬಿಚ್ಚಿ ಮತ್ತೆ ಕಟ್ಟುವುದು. ಪರದೆಯ ಈಚೆ ನಾನು ಮಾಲಿಗಾಗಿ ಕಾದು ಕೂತಿದ್ದರೆ ಆಚೆಯಿಂದ ಎಣಿಕೆ ಕೇಳಿಸುತ್ತಿತ್ತು. ತೊಂಬತ್ತಕ್ಕೆ ಬಂದು ನಿಂತರೆ ನನಗೆ ಅಳು ಬರುತ್ತಿತ್ತು.

ಇಷ್ಟಾದರೂ ಸಹಿಸಿಕೊಳ್ಳಬಹುದಾಗಿತ್ತು. ಮುಖ್ಯ ತಕರಾರು ಶುರುವಾದದ್ದು ರಿಪೇರಿಯಿಂದ.

ಮೀನಿನ ಕಾಲ ಮುಗಿದ ಮೇಲೆ ಸಾಹೇಬರು ತಮ್ಮ ನೊಣದ ಡಬ್ಬಿಗಳನ್ನು ದುರಸ್ತಿಗೆಂದು ಅಂಗಡಿಗೆ ಕೊಡುತ್ತಿದ್ದರು. ನಾನು ಅವನ್ನು ತೆರೆಯದೆ ಆಪಾಗೆ ಮುಟ್ಟಿಸುತ್ತಿದ್ದೆ. ಎರಡನೇ ವರ್ಷ ತಟ್ಟೆಯಲ್ಲಿ ಮೂರು ಗುಡ್ಡೆ ಹೊರಗೆ ಬಂತು.

"ಇದು ಮೀನು ತಿಂದಿದ್ದು," ಎಂದು ಕೈ ಒಂದು ಗುಡ್ಡೆ ತೋರಿಸಿತು. ಅದರಲ್ಲಿ ಗರಿ ಮುರಿದು, ರೇಷ್ಮೆ ಹಿಂಜಿಹೋಗಿ, ಸಣ್ಣ ಸಣ್ಣ ಹಲ್ಲಿನ ಗುರುತಿತ್ತು. "ಇದು ಮರ ತಿಂದಿದ್ದು." ಕೊಕ್ಕೆಯಲ್ಲಿ ಎಲೆಯ ನಾರು, ತೊಗಟೆಯ ಚೂರು. "ಇದು ಯಾರೂ ತಿಂದಿಲ್ಲ."

ಯಾರೂ ತಿನ್ನದ ಗುಡ್ಡೆಯೇ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಅಂಗಡಿಯ ಅತಿ ಚಂದದ ಮಾಲೆಲ್ಲ ಇತ್ತು. ಹಳದಿ ರೆಕ್ಕೆಯದು, ಬಂಗಾರದ ಎಳೆಯದು, ನವಿಲುಗರಿಯದು.

ವರ್ಷಾ ವರ್ಷಾ ಆ ಗುಡ್ಡೆಗಳನ್ನು ಆಪಾ ಲೆಕ್ಕ ಹಾಕುತ್ತಾ ಹೋದರು. ಕೂನೂರಿನ ಚಹಾ ತೋಟದ ಒಬ್ಬ ಮುದಿ ದೊರೆಯ ಡಬ್ಬಿಯೆಂದರೆ ಅವರಿಗೆ ಬಲು ಅಕ್ಕರೆ. ಅದರಲ್ಲಿ ಮೂರು ಬಗೆಯ ನೊಣ ಬಿಟ್ಟರೆ ನಾಲ್ಕನೆಯದು ಇರುತ್ತಿರಲಿಲ್ಲ, ಎಲ್ಲವೂ ಮೀನು ತಿಂದವೇ. ಕೆಲವಕ್ಕೆ ಹೊಟ್ಟೆಯ ಕೆಳಗಿನ ಗರಿಯನ್ನು ಕತ್ತರಿಯಿಂದ ಸಮ ಮಾಡಿರುತ್ತಿತ್ತು. ಎಲ್ಲಕ್ಕೂ ಎಣ್ಣೆಯ ವಾಸನೆ. ಆಪಾ ಆ ಡಬ್ಬಿಯನ್ನು ವಾಪಸ್ಸು ಕೊಡಲು ತಿಂಗಳುಗಟ್ಟಲೆ ಸತಾಯಿಸುತ್ತಿದ್ದರು, ಕಲಿಯುತ್ತಿದ್ದರು.

ಕೊನೆಗೆ ನಲವತ್ತಾರರಲ್ಲಿ ಪರದೆಯ ಆಚೆಯಿಂದ ತೀರ್ಪು ಬಂತು. ಬೂದಿ, ಕೆಂಪು, ಕರಿ. ಈ ಮೂರೇ. ಬೂದಿ ಬಣ್ಣದ್ದು ಯಾವ ಹೊತ್ತಿಗೂ ಆಗುತ್ತದೆ. ಕೆಂಪಗೆ ಪೊದೆ ಹಾಗಿರುವುದು ಓಡುವ ನೀರಿಗೆ, ದೂರದಿಂದ ಕಾಣುತ್ತದೆ. ಕರಿಯದು ನಿಂತ ನೀರಿಗೆ, ಮರದ ನೆರಳಿಗೆ. ಒಂದೊಂದರಲ್ಲಿ ಮೂರು ಅಳತೆ. ಮೀನು ಒಲ್ಲೆ ಎಂದರೆ ಬಣ್ಣ ಬದಲಿಸಬೇಡ, ಸಣ್ಣದು ಹಾಕು. ಇಷ್ಟು ಇದ್ದರೆ ಯಾವ ಹೊಳೆಗಾದರೂ ಇಳಿಯಬಹುದು, ಅರವತ್ತನಾಲ್ಕು ಕಟ್ಟುವುದು ಕೋಳಿಗೂ ದಂಡ, ಕಣ್ಣಿಗೂ ದಂಡ.

ನಾನು ಪುಸ್ತಕ ತೆಗೆದು ಪರದೆಗೆ ಬಡಿದೆ. "ಆಪಾ, ಗಿರಾಕಿಗಳು ಹೆಸ್ರು ಹಿಡಿದು ಕೇಳ್ತಾರ್ರೀ! ಮೂರು ಇಟ್ಕೊಂಡು ನಾನೇನು ಭಜನೆ ಮಾಡ್ಲಾ?"

"ಗಿರಾಕಿ ಯಾರು ಜೀ? ಸಾಹೇಬಾ, ಮೀನಾ?"

"ನೀವು ಟ್ರೌಟ್ ಮೀನು ನೋಡಿದೀರಾ? ಹೊಳೆ ನೋಡಿದೀರಾ?"

"ಮೋರಿ ನೋಡಿದೀನಿ," ಎಂದರು ಶಾಂತವಾಗಿ. ಮಳೆ ಬಂದಾಗ ಗಲ್ಲಿಯ ಮೋರಿ ತುಂಬಿ ಹೊಸ್ತಿಲ ಮುಂದೆಯೇ ಹರಿಯುತ್ತದೆ. ಇರುವೆ, ಗೆದ್ದಲು, ಕಡ್ಡಿ, ಎಲ್ಲ ಹೇಗೆ ತೇಲಿಹೋಗುತ್ತವೆ ಎಂದು ಅವರು ಪರದೆಯ ಸಂದಿನಿಂದ ನೋಡುತ್ತಾ ಕೂರುತ್ತಿದ್ದರಂತೆ. ಮೋರಿ ನೋಡಿ ನೀಲಗಿರಿಯ ಮೀನಿಗೆ ತೀರ್ಪು ಕೊಡುವ ಹೆಂಗಸಿನ ಜೊತೆ ನಾನು ಏನು ಮಾತಾಡಲಿ?

ನಲವತ್ತೇಳರ ಜನವರಿಯಲ್ಲಿ ಸೀಮೆಯಿಂದ ಪೆಟ್ಟಿಗೆ ಬಂತು. ಆರು ವರ್ಷದ ಮೇಲೆ ಮೊದಲ ಪೆಟ್ಟಿಗೆ. ಅರವತ್ತನಾಲ್ಕು ಬಗೆ, ಮಿರಿಮಿರಿ ಮಿಂಚುತ್ತಿದ್ದವು. ಧಣಿ ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಅದೇ ವೇಳೆಗೆ ಒಬ್ಬ ಕರ್ನಲ್ ಸಾಹೇಬ ಡಬ್ಬಿ ಹಿಡಿದು ಅಂಗಡಿಗೆ ನುಗ್ಗಿದ. ಒಂಬತ್ತು ದಿನ ನೀರಿನಲ್ಲಿ ನಿಂತು ಎರಡು ಮೀನು ಹಿಡಿದಿದ್ದನಂತೆ. ನಿಮ್ಮ ನೊಣ ಮುಳುಗುತ್ತದೆ, ನಿಮ್ಮ ನೊಣ ದಂಡ ಎಂದು ಕೂಗಾಡಿದ. ಏಪ್ರಿಲಿಗೆ ಅವನು ಊರಿಗೆ ಹಡಗು ಹತ್ತುವವನು. ಮಾರ್ಚಿಯಲ್ಲಿ ಕಡೆಯ ಹತ್ತು ದಿನ ರಜೆ. ಇಪ್ಪತ್ತನಾಲ್ಕು ಬಗೆಯ ಹೊಸ ನೊಣ ಬೇಕೆಂದು ಪುಸ್ತಕದಲ್ಲಿ ಗುರುತು ಹಾಕಿ ಹೋದ.

ಧಣಿ ನನ್ನನ್ನು ಕರೆದರು. "ಶ್ರೀರಾಮಪ್ಪ, ಆ ಲೇಡಿಗೆ ಲಾಸ್ಟ್ ಚಾನ್ಸ್. ಇಪ್ಪತ್ನಾಕು ಕಟ್ಕೊಟ್ರೆ ಇರ್ಲಿ. ಆಗಲ್ಲ ಅಂದ್ರೆ ಫಿನಿಶ್. ಪೆಟ್ಟಿಗೆಯಿಂದ ತೆಗೆದು ಕೊಡು."

ನಾನು ಕರ್ನಲ್‌ನ ಡಬ್ಬಿಯನ್ನೂ ಪುಸ್ತಕವನ್ನೂ ಹೊತ್ತು ಗಲ್ಲಿಗೆ ಹೋದೆ. ಆಪಾ ಮೊದಲು ಡಬ್ಬಿ ನೋಡಿದರು.

"ಎಲ್ಲಾ ಗರಿ ಹಿಂದಕ್ಕೆ ಮಲಗಿದೆ," ಎಂದರು. "ಸಾಹೇಬ್ರು ಎಳೆದಿದಾರೆ. ದಾರ ಬಿಗಿ ಹಿಡಿದು ನೀರಿಗೆ ಅಡ್ಡ ಎಳೆದಿದಾರೆ. ಯಾವ ಹುಳ ಜೀ ನೀರಿಗೆ ಅಡ್ಡ ಓಡುತ್ತೆ? ಮೀನಿಗೆ ಅಷ್ಟೂ ಗೊತ್ತಾಗಲ್ವಾ?"

"ಅದು ಬಿಡಿ. ಇಪ್ಪತ್ನಾಕು ಕಟ್ಟಿಕೊಡಿ. ಇಲ್ಲಾಂದ್ರೆ ಕೆಲ್ಸ ಹೋಗುತ್ತೆ ಆಪಾ. ಸೀಮೆ ಪೆಟ್ಟಿಗೆ ಬಂದ್ಬಿಟ್ಟಿದೆ. ಧಣಿ ಕಡಾಖಂಡಿತವಾಗಿ ಹೇಳಿದಾರೆ."

ಆಪಾ ನಿಧಾನವಾಗಿ ಹೇಳಿದರು. "ಜರಿ ಕೆಲ್ಸ ಇದೆ. ಹೊಟ್ಟೆಗೆ ತೊಂದ್ರೆ ಇಲ್ಲ. ಆದ್ರೆ ಜರಿ ಹಾಕಿದ್ದು ಏನಾಯ್ತು ಅಂತ ಯಾರೂ ವಾಪಸ್ ತಂದು ತೋರಿಸಲ್ಲ. ಇದನ್ನ ತೋರಿಸ್ತಾರೆ. ನಂಗೆ ಈ ಕೆಲ್ಸ ಬೇಕು ಜೀ. ಬಹಳ ಬೇಕು."

"ಹಾಗಾದ್ರೆ ಕಟ್ಟಿ!"

"ನಕ್ಕೋ, ಬೇಡ. ತಿನ್ನದೇ ಇರೋದು ಅಂತ ಗೊತ್ತಿದ್ದೂ ಹ್ಯಾಂಗೆ ಕಟ್ಟೋದು?"

ಬೇಕು ಎಂದು ಅವರೇ ಹೇಳುತ್ತಾರೆ, ಉಳಿಸಿಕೊಳ್ಳಿ ಎಂದರೆ ಒಲ್ಲೆ ಎನ್ನುತ್ತಾರೆ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆ ಗಲ್ಲಿಯಲ್ಲಿ ತಲೆ ಚಚ್ಚಿಕೊಳ್ಳಲು ಸರಿಯಾದ ಗೋಡೆ ಕೂಡ ಇರಲಿಲ್ಲ. ಹತ್ತು ದಿನ ಬಿಟ್ಟು ಹೋದರೆ ತಟ್ಟೆಯಲ್ಲಿ ಆರು ಡಜನ್ ನೊಣ. ಬೂದಿ, ಕೆಂಪು, ಕರಿ. ಜೊತೆಗೆ ಸಾಹೇಬರಿಗೆ ಹೇಳು ಎಂದು ನನಗೆ ಒಂದು ಪಾಠ. ಕರ್ನಲ್‌ಗೆ ಮೀನು ಹಿಡಿಯುವುದು ಹೇಗೆಂದು ನಾನು ಹೇಳಬೇಕು, ಅದೂ ಮೋರಿಯ ಆಧಾರದ ಮೇಲೆ!

ಆಪಾ ಒಲ್ಲೆನೆಂದರು ಎಂದು ಧಣಿಗೆ ಹೇಳಿದೆ. ಸರಿ, ಪೆಟ್ಟಿಗೆಯಿಂದಲೇ ಕೊಡು, ಅವಳದು ಈ ತಿಂಗಳಿಗೆ ಮುಗಿಯಿತು ಎಂದರು ಧಣಿ. ಆಗ ನನಗೆ ಒಂದು ಉಪಾಯ ಹೊಳೆಯಿತು. ನನ್ನ ಜೀವನದಲ್ಲಿ ಹೊಳೆದ ಉಪಾಯಗಳಲ್ಲಿ ಅದಕ್ಕಿಂತ ದರಿದ್ರವಾದದ್ದು ಇನ್ನೊಂದಿಲ್ಲ.

ಇಪ್ಪತ್ತನಾಲ್ಕು ಸೀಮೆ ರಟ್ಟುಗಳಿಂದ ಸೀಮೆ ನೊಣಗಳನ್ನು ಕಿತ್ತು, ಆಪಾ ಕಟ್ಟಿದವನ್ನು ಅಂಟಿಸಿದೆ. ಒಂದೇ ಬೂದಿ ನೊಣ ಎಂಟು ಹೆಸರಿನ ಎಂಟು ರಟ್ಟಿನ ಮೇಲೆ ಕೂತಿತು. ಕೆಂಪಿಗೂ ಎಂಟು ಹೆಸರು, ಕರಿಗೂ ಎಂಟು. ಹೆಸರು ಬೇಕೆಂದವನಿಗೆ ಹೆಸರು ಸಿಕ್ಕಿತು, ಮೀನಿಗೆ ಬೇಕಾದದ್ದು ಮೀನಿಗೆ ಸಿಗುತ್ತದೆ. ಆಪಾ ಹೇಳಿದ ಪಾಠವನ್ನು ಅಂಗಡಿಯ ಟೈಪ್‌ರೈಟರಿನಲ್ಲಿ ಇಂಗ್ಲಿಷಿನಲ್ಲಿ ಹೊಡೆದು, ತಯಾರಕರ ಸೂಚನೆ ಎಂದು ತಲೆಬರಹ ಕೊಟ್ಟು ಡಬ್ಬಿಯಲ್ಲಿಟ್ಟೆ. ದಾರವನ್ನು ಸಡಿಲ ಬಿಡಿ. ಬಿದ್ದ ಎಲೆ ಹೇಗೆ ಹೋಗುತ್ತದೋ ಹಾಗೆ ನೀರಿನ ಜೊತೆ ನೊಣ ಹೋಗಲಿ. ನೆನೆದರೆ ಬಟ್ಟೆಯಲ್ಲಿ ಒತ್ತಿ, ಊದಿ ಒಣಗಿಸಿ, ತುಸು ಎಣ್ಣೆ ಸವರಿ. ನೀರು ನಿಶ್ಚಲವಾಗಿದ್ದರೆ ಹೊಟ್ಟೆಯ ಕೆಳಗಿನ ಗರಿ ಕತ್ತರಿಸಿ, ನೊಣ ತಗ್ಗಿ ಕೂರುತ್ತದೆ. ಮೀನು ಒಲ್ಲದಿದ್ದರೆ ಅದೇ ನೊಣದ ಚಿಕ್ಕ ಅಳತೆ ಹಾಕಿ. ಶ್ರೀರಾಮಪ್ಪ ಹೇಳಿದರೆ ಕರ್ನಲ್ ಬೂಟಿನಲ್ಲಿ ಒದೆಯುತ್ತಾನೆ, ಸೀಮೆಯವನು ಹೇಳಿದರೆ ಕೇಳುತ್ತಾನೆ ಎನ್ನುವುದು ನನ್ನ ಲೆಕ್ಕ. ಕರ್ನಲ್‌ಗೆ ಮೀನು ಸಿಗಲಿ, ಆಮೇಲೆ ಧಣಿಗೆ ನಿಜ ಹೇಳಿ ಆಪಾ ಕೆಲಸ ಉಳಿಸಿಕೊಡೋಣ ಎಂದುಕೊಂಡೆ.

ಮಾರ್ಚಿ ಕೊನೆಯಲ್ಲಿ ಕರ್ನಲ್‌ನ ಮೋಟಾರು ಅಂಗಡಿ ಮುಂದೆ ನಿಂತಿತು. ಮುಖ ಸುಟ್ಟು ಕೆಂಪಾಗಿತ್ತು, ಬಾಯಿ ಕಿವಿಯವರೆಗೆ ಹರಿದಿತ್ತು. ನಲವತ್ತೊಂದು ಮೀನು! ಡಬ್ಬಿಯಲ್ಲಿ ಐಸಿನ ಮೇಲೆ ಜರೀಗಿಡದ ಎಲೆ ಸುತ್ತಿ ಒಂದನ್ನು ಧಣಿಗೆಂದು ತಂದಿದ್ದ. ನೊಣವನ್ನು ಗಂಟಲಾಳಕ್ಕೆ ನುಂಗಿಬಿಟ್ಟಿತ್ತು, ದಾರ ಕತ್ತರಿಸಬೇಕಾಯಿತು ಎಂದು ಹೆಮ್ಮೆಪಟ್ಟ. ಆಮೇಲೆ ಮೇಜಿನ ಮೇಲೆ ರಟ್ಟುಗಳನ್ನು ಹರಡಿ ಪಾಠ ಶುರುಮಾಡಿದ. ಈ ಹೆಸರಿನದು ಅದ್ಭುತ, ಇದಕ್ಕೆ ಮೀನು ಹಾರಿ ಹಾರಿ ಬಂತು. ಆ ಹೆಸರಿನದು ಮಾತ್ರ ಪ್ರಯೋಜನವಿಲ್ಲ, ಅದನ್ನು ತರಿಸಲೇಬೇಡಿ. ನಾನು ಬಗ್ಗಿ ನೋಡಿದೆ. ಎರಡೂ ಬೂದಿ ನೊಣ. ಒಂದೇ ಹುಂಜದ ಗರಿ, ಒಂದೇ ಕೈ, ಒಂದೇ ಐದು ಸುತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಧಣಿ ಕರ್ನಲ್‌ನ ಕೈ ಕುಲುಕಿ ಕುಲುಕಿ, ಸೀಮೆಗೆ ಇನ್ನೆರಡು ಪೆಟ್ಟಿಗೆ ಕಳಿಸಿ ಎಂದು ತಂತಿ ಬರೆಯಲು ಕೂತಿದ್ದರು.

"ನೋಡಿದ್ಯಾ ಶ್ರೀರಾಮಪ್ಪ? ಇಂಗ್ಲಿಷ್ ಮಾಲು ಅಂದ್ರೆ ಇದು. ಹೋಗು, ಆ ಲೇಡಿ ಹತ್ರ ನಮ್ಮ ಇಕ್ಕಳ ವಾಪಸ್ ತಗೊಂಡ್ ಬಾ. ಈ ಮೀನೂ ನೀನೇ ತಗೊಂಡ್ ಹೋಗು, ನಂಗೆ ಈ ವಾಸನೆ ಆಗಲ್ಲ."

ಧಣಿಯ ಮುಂದೆ, ಗಿರಾಕಿಯ ಮುಂದೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಮೀನಿನ ಡಬ್ಬಿ ಹಿಡಿದು ಗಲ್ಲಿಯ ದಾರಿ ಹಿಡಿದೆ.

ಲತೀಫ್ ಊಟಕ್ಕೆ ಬಂದಿದ್ದ. "ಆಪಾ, ಟ್ರೌಟ್ ತಂದಿದೀನಿ," ಎಂದು ಡಬ್ಬಿಯನ್ನು ಪರದೆಯ ಕೆಳಗೆ ತಳ್ಳಿದೆ. ಇಕ್ಕಳದ ಮಾತನ್ನು ಎತ್ತಲಿಲ್ಲ. ಎಲೆ ಸರಿಸಿದ ಸದ್ದಾಯಿತು.

"ಇಷ್ಟು ಸಣ್ಣ ಹಲ್ಲು," ಎಂದರು ಆಪಾ. "ನಾನು ಅಂದ್ಕೊಂಡಿದ್ದಷ್ಟೇ ಇದೆ. ಲತೀಫ್ ಮಿಯಾ, ಚೂರಿ ಕೊಡಿ."

ಹೊಟ್ಟೆ ಸೀಳಿ, ಒಳಗಿದ್ದದ್ದನ್ನೆಲ್ಲ ಬೋಗುಣಿಯ ನೀರಿಗೆ ಹಾಕಿದರಂತೆ. ಲತೀಫ್ ಈಚೆ ಬಂದು ನನಗೆ ವರದಿ ಒಪ್ಪಿಸಿದ. ಕರಿ ಇರುವೆ, ಕಂದು ಜೀರುಂಡೆ, ಬೂದು ಬಣ್ಣದ ಸಣ್ಣ ನೊಣ. ಹಳದಿ ರೆಕ್ಕೆಯದು ಒಂದೂ ಇಲ್ಲ. ಪರದೆಯ ಆಚೆ ಆಪಾ ನಗುತ್ತಿದ್ದರು. ಆಮೇಲೆ ನಗು ನಿಂತಿತು, ತಟ್ಟೆ ಹೊರಗೆ ಬಂತು. ತಟ್ಟೆಯ ನಡುವೆ ಒದ್ದೆಯಾದ ಒಂದು ನೊಣ. ಮೀನಿನ ಗಂಟಲಲ್ಲಿ ಸಿಕ್ಕಿದ್ದು. ಗರಿ ಅರ್ಧ ಮುರಿದಿತ್ತು, ರೇಷ್ಮೆ ಹಿಂಜಿತ್ತು.

"ನಂದು," ಎಂದರು.

ನನಗೆ ಎಲ್ಲಿಲ್ಲದ ಆವೇಶ ಬಂತು. ಒಂದು ಮಾತೂ ಆಡದೆ ಆ ನೊಣವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ರಸೆಲ್ ಮಾರುಕಟ್ಟೆಯ ಜನರನ್ನು ತಳ್ಳಿಕೊಂಡು ಅಂಗಡಿಗೆ ಓಡಿದೆ. ಕರ್ನಲ್ ಹೋಗಿದ್ದ. ನೊಣವನ್ನು ಧಣಿಯ ಮುಂದಿಟ್ಟು ಎಲ್ಲ ಒದರಿಬಿಟ್ಟೆ. ರಟ್ಟು ಬದಲಿಸಿದ್ದು, ಸೂಚನೆ ಟೈಪ್ ಮಾಡಿದ್ದು, ನಲವತ್ತೊಂದು ಮೀನೂ ಕಮರುನ್ನೀಸಾ ಆಪಾ ನೊಣಕ್ಕೇ ಬಿದ್ದದ್ದು.

ಧಣಿ ಭೂತಕನ್ನಡಿ ಹಿಡಿದು ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ವಾಸಿಯಿತ್ತು.

"ಇರ್ಬೋದು," ಎಂದರು. "ಆದ್ರೆ ಕರ್ನಲ್ ಏನ್ ಹೇಳ್ದ? ಇಂಗ್ಲಿಷ್ ಫ್ಲೈ ಫಸ್ಟ್ ಕ್ಲಾಸ್ ಅಂದ. ಕ್ಲಬ್ಬಲ್ಲಿ ಎಲ್ರಿಗೂ ಹೇಳ್ತಾನೆ. ನಾಳೆ ಹತ್ತು ಜನ ಬಂದು ಹೆಸ್ರು ಕೇಳ್ತಾರೆ, ಅರವತ್ನಾಕು ಹೆಸ್ರು. ಮೂರು ತೋರಿಸ್ಲಾ? ನೋಡಪ್ಪ, ಮೀನು ನಮ್ಮ ಗಿರಾಕಿ ಅಲ್ಲ. ಮೀನು ಯಾವತ್ತೂ ಅಂಗಡಿಗೆ ಬಂದಿಲ್ಲ."

"ಸಾರ್, ಅವ್ರಿಗೆ ಅನ್ಯಾಯ ಆಗುತ್ತೆ ಸಾರ್."

"ರಟ್ಟಿಗೆ ಅಂಟಿಸಿದ್ದು ಯಾರು? ನೀನೇ ತಾನೇ? ಇಕ್ಕಳ ತಗೊಂಡ್ ಬಾ ಅಂದಿದ್ದೆ. ತಂದ್ಯಾ?"

ಹೌದು, ನಾನೇ. ಅವರ ಕೆಲಸ ಉಳಿಸಲು ಹೊರಟು, ಅವರ ನೊಣ ಹಿಡಿದ ಒಂದೊಂದು ಮೀನನ್ನೂ ಸೀಮೆಯವರ ಹೆಸರಿಗೆ ಬರೆದುಕೊಟ್ಟವನು ನಾನೇ. ಬೂದಿ ನೊಣವನ್ನು ಬೂದಿ ನೊಣವೆಂದೇ ಕೊಟ್ಟು ಕರ್ನಲ್‌ನ ಹತ್ತಿರ ಬೈಸಿಕೊಂಡಿದ್ದರೂ ಒಂದು ದಾರಿ ಇರುತ್ತಿತ್ತು. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ ಎಂದು ಬೈದುಕೊಳ್ಳುತ್ತಾ ಮತ್ತೆ ಗಲ್ಲಿಗೆ ಬಂದೆ.

ಮನೆಯೊಳಗಿಂದ ಮೀನು ಹುರಿದ ಘಮ ಬರುತ್ತಿತ್ತು. ನಾನು ಕೂತೆ. ಪರದೆಯ ಕೆಳಗಿನಿಂದ ಒಂದು ಸಣ್ಣ ಬಸಿಯಲ್ಲಿ ಮೀನಿನ ಒಂದು ತುಂಡು ಬಂತು.

"ತಿನ್ನಿ. ಏನೂ ರುಚಿ ಇಲ್ಲ," ಎಂದರು ಆಪಾ. "ಎಷ್ಟು ಮಸಾಲೆ ಹಾಕಿದ್ರೂ ಹತ್ತಲ್ಲ. ಇದಕ್ಕಾ ಸಾಹೇಬ್ರು ಹತ್ತು ದಿನ ನೀರಲ್ಲಿ ನಿಂತಿದ್ದು? ಹಲಸೂರು ಕೆರೆ ಮೀನು ಇದಕ್ಕಿಂತ ಚಲೋ."

ತಿಂದೆ. ನಿಜ, ಸಪ್ಪೆ. ತಿನ್ನುತ್ತಲೇ ಎಲ್ಲವನ್ನೂ ಹೇಳಿದೆ. ನನ್ನ ರಟ್ಟಿನ ಉಪಾಯ, ಕರ್ನಲ್‌ನ ಮಾತು, ಧಣಿಯ ಮಾತು, ಇಕ್ಕಳ. ಒಂದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದೆ. ಆರು ವರ್ಷ ಒಂದು ಸುತ್ತು ಹೆಚ್ಚು ಕಡಿಮೆಯಾದರೆ ನನ್ನ ಜನ್ಮ ಜಾಲಾಡಿದ ಹೆಂಗಸು ಈಗ ಬೈಯಲಿಲ್ಲ. ಅದು ನನಗೆ ಎಷ್ಟು ಸಿಟ್ಟು ತರಿಸಿತು ಎಂದು ಹೇಳಲಾರೆ.

"ಏನಾದ್ರೂ ಅನ್ರೀ ಆಪಾ!"

"ಎಂಟು ಹೆಸರು ಇಟ್ರಾ ಬೂದಿಗೆ?" ಎಂದು ಕೇಳಿದರು. "ಒಂದು ಒಳ್ಳೇದು, ಒಂದು ಕೆಟ್ಟದ್ದು ಅಂದ್ರಾ ಸಾಹೇಬ್ರು?" ಒಂದು ಸಣ್ಣ ನಗು ಕೇಳಿಸಿತು. ಆಮೇಲೆ ಒಳಗೆ ಎದ್ದು ಓಡಾಡಿದ ಸದ್ದು, ಡಬ್ಬಿ ತೆಗೆದ ಸದ್ದು.

ತಟ್ಟೆ ಹೊರಗೆ ಬಂತು. ಎಣ್ಣೆ ಒರೆಸಿ ಬಟ್ಟೆ ಸುತ್ತಿದ ಇಕ್ಕಳ. ಉಳಿದ ಕೊಕ್ಕೆಗಳ ಪೊಟ್ಟಣ. ಮೂರು ಉಂಡೆ ರೇಷ್ಮೆ ದಾರ. ಎಲ್ಲ ಅಂಗಡಿಯ ಸಾಮಾನು, ಅಚ್ಚುಕಟ್ಟಾಗಿ. ಹುಂಜದ ಗರಿ ಮಾತ್ರ ಇರಲಿಲ್ಲ, ಅದು ಲತೀಫನದು.

ಗಂಟಲಿನಿಂದ ತೆಗೆದ ನೊಣವನ್ನು ಧಣಿಯ ಮೇಜಿನಿಂದ ಮತ್ತೆ ಕರವಸ್ತ್ರದಲ್ಲಿ ಸುತ್ತಿ ತಂದಿದ್ದೆ. ಅದನ್ನು ಬಿಡಿಸಿ, ಬಸಿಯಲ್ಲಿಟ್ಟು ಪರದೆಯ ಕೆಳಗೆ ತಳ್ಳಿದೆ. "ಇದೊಂದನ್ನಾದ್ರೂ ನೀವು ಇಟ್ಕೊಳ್ಳಿ ಆಪಾ. ಇದು ನಿಮ್ದು."

ಬಸಿ ಹಾಗೇ ಈಚೆ ಬಂತು. ಕೈ ಸ್ವಲ್ಪ ಹೊತ್ತು ಅದರ ಅಂಚಿನ ಮೇಲೇ ಇತ್ತು. ಬೆರಳ ತುದಿಯಲ್ಲಿ ಆರು ವರ್ಷದ ಸಣ್ಣ ಸಣ್ಣ ಗಾಯದ ಗುರುತುಗಳಿದ್ದವು.

"ಕೊಕ್ಕೆ ಅಂ‌ಗಡೀದು," ಎಂದರು. "ದಾರ ಅಂಗಡೀದು. ಕಟ್ಟಿದ್ದು ಮಾತ್ರ ನಂದು. ಬಿಚ್ಚಿ ಕೊಡ್ಲಾ ಜೀ?"

ಬೇಡ ಎಂದೆ. ಜೋರಾಗಿಯೇ ಹೇಳಿರಬೇಕು, ಏಕೆಂದರೆ ಲತೀಫ್ ಒಳಗಿನಿಂದ ಇಣುಕಿ ನೋಡಿದ. ತಟ್ಟೆಯಲ್ಲಿದ್ದದ್ದನ್ನೆಲ್ಲ, ಬಸಿಯ ನೊಣವನ್ನೂ, ಚೀಲಕ್ಕೆ ತುಂಬಿಕೊಂಡು ಎದ್ದೆ.

ಸೀಮೆಯ ಎರಡು ಪೆಟ್ಟಿಗೆ ಆಗಸ್ಟಿನಲ್ಲಿ ಬಂದವು. ಅಷ್ಟರಲ್ಲಿ ಕರ್ನಲ್ ಹೋಗಿದ್ದ, ಕ್ಲಬ್ಬಿನ ಹತ್ತು ಜನರಲ್ಲಿ ಎಂಟು ಜನ ಹೋಗಿದ್ದರು. ಅರವತ್ತನಾಲ್ಕು ಬಗೆಯೂ ಬೀರುವಿನಲ್ಲಿ ಕೂತು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನುಸಿ ಹಿಡಿದವು. ಈಗ ಅವನ್ನು ತೆಗೆದು ನೋಡಿದರೆ ಬರೀ ಕೊಕ್ಕೆ. ಆಪಾ ಜರಿ ಕೆಲಸಕ್ಕೆ ಮರಳಿದರು, ಹೊಸ ಸೈನ್ಯದ ತೋಳಿನ ಪಟ್ಟಿಗಳು ಬರುತ್ತಿವೆ ಎಂದು ಲತೀಫ್ ಹೇಳುತ್ತಾನೆ. ನಾನು ರಸೆಲ್ ಮಾರುಕಟ್ಟೆಗೆ ಹೋದಾಗ ಆ ಗಲ್ಲಿಯನ್ನು ಬಳಸಿಕೊಂಡು ಹೋಗುತ್ತೇನೆ.

ಇಕ್ಕಳ, ಕೊಕ್ಕೆ, ದಾರ ಎಲ್ಲವನ್ನೂ ಅವತ್ತೇ ಧಣಿಗೆ ಒಪ್ಪಿಸಿದೆ. ಆ ನೊಣವನ್ನು ಒಪ್ಪಿಸಲಿಲ್ಲ. ಅದು ನನ್ನ ಮೇಜಿನ ಖಾನೆಯಲ್ಲಿದೆ. ಒಂದು ದಿನ ಯಾರೂ ಇಲ್ಲದಾಗ ಲೋಟದ ನೀರಿನ ಮೇಲೆ ಬಿಟ್ಟು ನೋಡಿದೆ. ಅರ್ಧ ಗರಿ ಮುರಿದಿದ್ದರೂ ನೆಟ್ಟಗೆ ನಿಂತಿತು. ನೂರು ಎಣಿಸಿದೆ, ಮುಳುಗಲಿಲ್ಲ.